ಪ್ಲಾಸ್ಟಿಕ್ ತೆಗೆಯದ ರಾಕೆಟ್ಟು

ನಮ್ಮ ಮನೆಯ ಟಿವಿ ರಿಮೋಟಿನ ಬಣ್ಣ ಕಪ್ಪು ಎಂಬುದು ನನಗೆ ಮೊನ್ನೆ ಗೊತ್ತಾಯಿತು. ಇಷ್ಟು ವರ್ಷ ಬೂದು ಎಂದುಕೊಂಡಿದ್ದೆ. ಅಂಗಡಿಯಿಂದ ತಂದ ದಿನವೇ ಅದಕ್ಕೊಂದು ಪ್ಲಾಸ್ಟಿಕ್ ಅಂಗಿ ತೊಡಿಸಿದವನು ನಾನು. ಆ ಅಂಗಿ ಬರಬರುತ್ತ ಹಳದಿಯಾಗಿ, ಅಂಚಿನಲ್ಲಿ ಜಿಡ್ಡು ಕೂತು, ಒಳಗಿನ ಅಂಕಿಗಳೇ ಕಾಣದಂತಾಗಿದ್ದವು. ವಾರ್ತೆ ನೋಡೋಣ ಎಂದು ಒತ್ತಿದರೆ ಯಾರೋ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದರು. ನಾನು ಅದನ್ನೇ ನೋಡಿಕೊಂಡು ಕೂರುತ್ತಿದ್ದೆ. ಮೊನ್ನೆ ನನ್ನ ಹೆಂಡತಿ ವಾರಿಜ ಕತ್ತರಿ ತಂದು ಒಂದೇ ಏಟಿಗೆ ಅಂಗಿ ಸೀಳಿ ರಿಮೋಟನ್ನು ನನ್ನ ಕೈಗಿಟ್ಟಳು. ಅದರ ಮೈ ನುಣ್ಣಗೆ ಹೊಳೆಯುತ್ತಿತ್ತು. ಬೇರೆ ಯಾರದೋ ಮನೆಯ ರಿಮೋಟನ್ನು ಕೇಳದೆ ಮುಟ್ಟಿದ ಹಾಗೆ ನನಗೆ ನಾಚಿಕೆಯಾಯಿತು.

ನೀವು ನಗುವುದು ಬೇಡ. ನೀವು ಕುಂದಾಪುರದವರೋ ಬೈಂದೂರಿನವರೋ ಆಗಿದ್ದರೆ ಈಗಲೇ ಎದ್ದುಹೋಗಿ ನಿಮ್ಮ ಫ್ರಿಜ್ಜಿನ ಬಾಗಿಲು ನೋಡಿ. ಅಂಗಡಿಯವರು ಅಂಟಿಸಿದ ನಕ್ಷತ್ರದ ಚೀಟಿ ಅಲ್ಲೇ ಇರುತ್ತದೆ. ನಮ್ಮದು ಉಪ್ಪುಗಾಳಿಯ ಊರು, ಮಳೆಗಾಲದಲ್ಲಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ, ಅದಕ್ಕೇ ಮುಚ್ಚಿಡುತ್ತೇವೆ ಎಂದು ನಾವು ಕಾರಣ ಕೊಡುತ್ತೇವೆ. ಅದು ಸುಳ್ಳು. ಒಂದು ವಸ್ತು ಉಪಯೋಗಕ್ಕೆ ಬಾರದಿದ್ದರೆ ನಮಗೆ ಬೇಸರವಿಲ್ಲ, ಹಳತಾದರೆ ಮಾತ್ರ ಜೀವ ಹೋಗುತ್ತದೆ. ನಮ್ಮ ನೆರೆಮನೆಯವರು ಕಾರು ಕೊಂಡು ಸೀಟಿನ ಪ್ಲಾಸ್ಟಿಕ್ ತೆಗೆಯದೆ ಎಷ್ಟೋ ವರ್ಷ ಓಡಿಸಿದರು. ಬೇಸಗೆಯಲ್ಲಿ ಅವರು ಕಾರಿನಿಂದ ಇಳಿಯುವಾಗ ಬೆನ್ನು ಸೀಟಿನಿಂದ ಬಿಡಿಸಿಕೊಳ್ಳುವ ಪರಪರ ಸದ್ದು ನಮ್ಮ ಜಗಲಿಗೆ ಕೇಳುತ್ತಿತ್ತು. ಕಾರು ಮಾರುವಾಗ, ಪ್ಲಾಸ್ಟಿಕ್ ಸಮೇತ ಕೊಡುತ್ತಿದ್ದೇನೆ ಎಂದು ಎದೆಯುಬ್ಬಿಸಿ ಹೇಳಿದರು. ಕೊಂಡವರೂ ನಮ್ಮ ಕಡೆಯವರೇ. ಅವರೂ ಇನ್ನೂ ತೆಗೆದಿಲ್ಲ. ಸನ್ಮಾನದಲ್ಲಿ ಕೊಡುವ ಹಣ್ಣಿನ ಬುಟ್ಟಿಯನ್ನಂತೂ ಹೊಳೆಯುವ ಹಾಳೆ ಬಿಚ್ಚಿ ತಿಂದವರನ್ನು ನಾನು ಕಂಡಿಲ್ಲ. ಮೇಜಿನ ಮೇಲಿಟ್ಟು, ಒಳಗಿನ ಬಾಳೆಹಣ್ಣು ಕರಗಿ ನೀರಾಗುವವರೆಗೂ ಬಂದವರಿಗೆಲ್ಲ ತೋರಿಸುತ್ತಾರೆ.

ಇದು ನನಗೆ ಅಮ್ಮನಿಂದ ಬಂದದ್ದು. ಅವಳಿಗೆ ಪ್ಲಾಸ್ಟಿಕ್ ಚೀಲ, ನಮ್ಮ ಮಾತಿನ ತೊಟ್ಟೆ, ಎಂದರೆ ಪೂಜೆಯ ಮಡಿವಸ್ತ್ರಕ್ಕಿಂತ ಹೆಚ್ಚು. ಮುಂಬಯಿಯ ಹೋಟೆಲಿನಲ್ಲಿದ್ದ ಚಿಕ್ಕಪ್ಪ ಊರಿಗೆ ಬಂದಾಗ ನನಗೊಂದು ಕೊಡೆ ತಂದಿದ್ದ. ಅದರ ಹಿಡಿಗೆ ಸುತ್ತಿದ್ದ ತೊಟ್ಟೆಯನ್ನು ನಾನು ಉಗುರಿನಿಂದ ಕೆರೆಯುವುದನ್ನು ಕಂಡು ಅಮ್ಮ ಕೈಮೇಲೆ ಒಂದು ಕೊಟ್ಟಳು. "ತೊಟ್ಟೆ ತೆಗಿಬೇಡ ಮಗಾ, ಹಳತ್ ಆತ್ತ್" ಎಂದಳು. ಇಡೀ ಮಳೆಗಾಲ ಆ ತೊಟ್ಟೆಯೊಳಗೆ ನೀರು ನಿಂತು, ಕೊಡೆ ಮಡಚಿದಾಗಲೆಲ್ಲ ನನ್ನ ಚಡ್ಡಿಯ ಮೇಲೆ ಸುರಿಯುತ್ತಿತ್ತು. ಶಾಲೆಯಲ್ಲಿ ಹುಡುಗರು ಬೇರೆಯೇ ಅರ್ಥ ಮಾಡಿಕೊಂಡರು. ಜೂನ್ ತಿಂಗಳಲ್ಲಿ ಹೊಸ ಪುಸ್ತಕಗಳಿಗೆ ಬೈಂಡ್ ಹಾಕುವ ಹಬ್ಬ ಬೇರೆ. ಮೊದಲು ಕಂದು ಕಾಗದ, ಅದು ಕೊಳೆಯಾಗಬಾರದೆಂದು ಅದರ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆ, ಅದು ಒದ್ದೆಯಾಗಬಾರದೆಂದು ಅದರ ಮೇಲೆ ತೊಟ್ಟೆ. ಇಷ್ಟು ಹೊದ್ದ ಮೇಲೆ ಪುಸ್ತಕ ತೆರೆಯುವುದೇ ಕಷ್ಟವಾಗಿ ಅಂಕಗಳು ಕಡಿಮೆಯಾದವು ಎಂದು ನಾನು ಈಗಲೂ ನಂಬಿದ್ದೇನೆ.

ರಾಕೆಟ್ಟಿನ ವಿಷಯಕ್ಕೆ ಬಂದೆ. ಬಾಲ್ಯದಲ್ಲಿ ಒಂದು ದೀಪಾವಳಿಗೆ ನನ್ನ ಪಾಲಿಗೆ ಬಂದ ಪಟಾಕಿ ರಾಕೆಟ್ಟಿನ ಮೈಗೆ ಸುತ್ತಿದ ಕಾಗದ ಬಹಳ ಚಂದವಿತ್ತು. ನೀಲಿ ಆಕಾಶ, ಚಂದ್ರನ ಮೇಲೆ ಕಾಲು ಇಳಿಬಿಟ್ಟು ಕೂತ ಒಬ್ಬ ಹುಡುಗಿ. ಅದನ್ನು ಸುಡಲು ಮನಸ್ಸಾಗದೆ ಮುಂದಿನ ವರ್ಷಕ್ಕೆಂದು ತೊಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟೆ. ನಡುವೆ ಒಂದು ಪೂರಾ ಮಳೆಗಾಲ ಕಳೆಯಿತು. ಮರುವರ್ಷ ಸೀಸೆಯಲ್ಲಿ ನಿಲ್ಲಿಸಿ ಬೆಂಕಿ ಕೊಟ್ಟರೆ, ಥಂಡಿ ಹಿಡಿದ ಆ ರಾಕೆಟ್ಟು ಮೇಲೆ ಹೋಗುವ ಯೋಚನೆಯನ್ನೇ ಬಿಟ್ಟು, ನೆಲದ ಮೇಲೆ ಹೊರಳಿ, ನನ್ನ ಗೆಳೆಯ ಶೀನನ ಮನೆಯ ಹುಲ್ಲಿನ ಕುತ್ರಿಯೊಳಗೆ ನುಗ್ಗಿತು. ಶೀನ ದನಕ್ಕೆ ಇಟ್ಟಿದ್ದ ಅಕ್ಕಿ ತೊಳೆದ ಅಕ್ಕಚ್ಚನ್ನು ಬಾನಿ ಸಮೇತ ಸುರಿದು ಬೆಂಕಿ ಆರಿಸಿದ. ಎಲ್ಲರೂ ಕುತ್ರಿ ಉಳಿಯಿತಲ್ಲ ಎಂದು ಸಂತೋಷಪಟ್ಟರು. ನಾನು ಚಂದ್ರನ ಮೇಲಿನ ಹುಡುಗಿಗಾಗಿ ಅತ್ತೆ.

ಆಮೇಲೆ ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರಾದೆ. ಶೀನ ಬ್ರಹ್ಮಾವರದಲ್ಲಿ ಸ್ಟಿಕ್ಕರ್ ಅಂಗಡಿ ಹಾಕಿದ. ಹಂಗಾರಕಟ್ಟೆಯಲ್ಲಿ ನೀರಿಗಿಳಿಯುವ ಬೋಟುಗಳ ಮೂತಿಗೆ ದೇವರ ಹೆಸರು, ಬಸ್ಸುಗಳ ಬೆನ್ನಿಗೆ ಹುಲಿಮುಖ, ಎಲ್ಲ ಅವನದೇ ಕೈಕೆಲಸ. ನಿವೃತ್ತನಾದ ಮೇಲೆ ನಾನು ರಾಕೆಟ್ ಮಾದರಿಗಳನ್ನು ಮಾಡುವ ಗೀಳು ಹಚ್ಚಿಕೊಂಡೆ. ಇವು ಹಾರುವುದಿಲ್ಲ; ಹಾಗಾಗಿ ಊರಿನ ಕುತ್ರಿಗಳು ಕ್ಷೇಮ. ನಿಜವಾದ ರಾಕೆಟ್ಟಿನ ಪ್ರತಿ ಗೆರೆಯನ್ನೂ ಅಳತೆಗೆ ಸರಿಯಾಗಿ ಚಿಕ್ಕದು ಮಾಡಿ ನಿಲ್ಲಿಸುವುದು, ಅಷ್ಟೇ.

ನೋಡಲು ಸುಲಭ. ಒಂದು ಕೊಳವೆ, ಒಂದು ಮೂತಿ, ಸುತ್ತ ನಾಲ್ಕಾರು ಮರಿಕೊಳವೆ. ಆದರೆ ಬರೀ ಕೊಳವೆಗೆ ಯಾರೂ ರಾಕೆಟ್ಟೆನ್ನುವುದಿಲ್ಲ. ಅದನ್ನು ರಾಕೆಟ್ಟು ಮಾಡುವುದು ಮೇಲೆ ಸುತ್ತುವ ಹೊದಿಕೆ. ತಗಡಿನ ಜೋಡಣೆಯ ಗೆರೆ, ಮೊಳೆಗಳ ಸಾಲು, ಧ್ವಜ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದು, ಕಾಗದದ ಮೇಲೆ ಮುದ್ರಿಸಿ, ಕೊಳವೆಗೆ ಸುತ್ತಿ ಅಂಟಿಸಬೇಕು. ಮೊದಮೊದಲು ನಾನು ಬಟ್ಟೆಯಂಗಡಿಯ ರಟ್ಟಿನ ಕೊಳವೆಗೆ ಕಾಗದವನ್ನೇ ಸುತ್ತುತ್ತಿದ್ದೆ. ದಾರದಿಂದ ಸುತ್ತಳತೆ ಹಿಡಿದು, ಅಷ್ಟೇ ಅಗಲಕ್ಕೆ ಹಾಳೆ ಕತ್ತರಿಸಿದರೆ ಎರಡು ಅಂಚುಗಳು ಒಂದನ್ನೊಂದು ಮುಟ್ಟಿ ನಿಲ್ಲಬೇಕು. ಮಳೆಗಾಲದಲ್ಲಿ ಅಂಟಿಸಿದ್ದು ಹಾಗೇ ನಿಂತಿತ್ತು. ಚಳಿಗಾಲದ ಒಣಗಾಳಿಗೆ ಕಾಗದ ಕುಗ್ಗಿ ಅಂಚುಗಳ ನಡುವೆ ರಟ್ಟು ಇಣುಕಿತು. ಚಳಿಗಾಲದಲ್ಲಿ ಅಂಟಿಸಿದ್ದು ಆಷಾಢದಲ್ಲಿ ಹಿಗ್ಗಿ ಹಪ್ಪಳದಂತೆ ಉಬ್ಬಿತು. ನಿಜವಾದ ರಾಕೆಟ್ಟಿನ ಪಕ್ಕೆಯಲ್ಲಿ ವಯರುಗಳನ್ನು ಮುಚ್ಚುವ ಒಂದು ಉದ್ದ ಪಟ್ಟಿ ಇರುತ್ತದೆ. ಹೊದಿಕೆಯ ಜೋಡು ಅದರಡಿಗೆ ಬರುವಂತೆ ನೋಡಿಕೊಂಡರೆ ಅರ್ಧ ತಪ್ಪು ಮುಚ್ಚಿಹೋಗುತ್ತದೆ. ಉಳಿದ ಅರ್ಧಕ್ಕೆ ಆ ಪಕ್ಕೆಯನ್ನು ಗೋಡೆಯ ಕಡೆ ತಿರುಗಿಸಿಡುತ್ತೇನೆ.

ಇಷ್ಟೆಲ್ಲ ಮಾಡಿದರೂ ಊರಿನಲ್ಲಿ ನನಗಿದ್ದ ಮರ್ಯಾದೆ ಅಷ್ಟಕ್ಕಷ್ಟೆ. ರಾಕೆಟ್ ಮಾಷ್ಟ್ರು ಎಂದು ಕರೆಯುತ್ತಿದ್ದರು. ಕರೆಯುವಾಗ ತುಟಿಯ ಒಂದು ಬದಿ ಮಾತ್ರ ನಗುತ್ತಿತ್ತು. ಹೀಗಿರುವಾಗ ನಮ್ಮ ಪಂಚಾಯತಿ ಹೊಸ ಗ್ರಂಥಾಲಯ ಕಟ್ಟಿಸಿತು. ಬಾರ್ಕೂರಿನಿಂದ ಹಂಗಾರಕಟ್ಟೆಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಊರಿನ ಹೆಸರು ಹೇಳಿದರೆ ನಾಳೆ ನನ್ನ ನಲ್ಲಿಯಲ್ಲಿ ನೀರು ಬರುವುದಿಲ್ಲ.

ಆ ಗ್ರಂಥಾಲಯವನ್ನು ನೋಡಿಕೊಳ್ಳುವವಳು ವಾರಿಜ. ಮದುವೆಯಾದ ಹೊಸದರಲ್ಲಿ ಸೇರಿದವಳು, ರೇಷನ್ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲೇ ಅವಳ ಸರ್ವೀಸು ಪೂರ್ತಿ ಕಳೆಯಿತು. ಮಳೆ ಬಂದರೆ ಇತಿಹಾಸವನ್ನು ಈ ಮೂಲೆಯಿಂದ ಆ ಮೂಲೆಗೆ, ಕಾದಂಬರಿಗಳನ್ನು ಆ ಮೂಲೆಯಿಂದ ಮೇಜಿನ ಅಡಿಗೆ ಸಾಗಿಸುತ್ತಿದ್ದಳು. ಇದ್ದದ್ದು ಒಂದೇ ಬೆಂಚು. ಹಾಗಾಗಿ ನಮ್ಮೂರಿನವರು ನಿಂತು ಓದುವುದನ್ನು ಕಲಿತಿದ್ದರು. ಹೊಸ ಕಟ್ಟಡ ಎದ್ದಾಗ ಅವಳ ಮುಖ ನೋಡಬೇಕಿತ್ತು. ಗಾಜಿನ ಬಾಗಿಲು, ಬಿಳಿ ಟೈಲ್ಸು, ಮೆತ್ತೆ ಹಾಕಿದ ಕುರ್ಚಿಗಳು. ಮೇ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಅದರೊಳಗೆ ನಮ್ಮೂರಿನ ಜನ ಆ ಕುರ್ಚಿಗಳ ಮೇಲೆ ಕೂತು ಓದುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕು. ಅವಳು ಬಯಸಿದ್ದು ಅಷ್ಟನ್ನೇ.

ಪಂಚಾಯತಿ ಅಧ್ಯಕ್ಷರಿಗೂ ಒಂದು ಬಯಕೆ ಇತ್ತು. ಕಟ್ಟಡವನ್ನು ರಾಜಧಾನಿಯಲ್ಲಿರುವ ನಮ್ಮ ಕಡೆಯ ಒಬ್ಬ ದೊಡ್ಡವರು ಉದ್ಘಾಟಿಸಬೇಕು, ಅಲ್ಲಿಯವರೆಗೆ ಯಾರೂ ಒಳಗೆ ಕಾಲಿಡಬಾರದು. ಒಳಗೆ ಮಕ್ಕಳ ಮನ ಸೆಳೆಯಲು ಆಳೆತ್ತರದ ಒಂದು ರಾಕೆಟ್ಟು ಇರಲಿ ಎಂದು ಅವರೇ ನನ್ನ ಮನೆಗೆ ಬಂದು ಕೇಳಿದರು. ತುಟಿಯ ಎರಡೂ ಬದಿಯಲ್ಲಿ ನಗುತ್ತ ಕೇಳಿದರು. ನನಗೆ ರೆಕ್ಕೆ ಬಂದಿತು.

ನಮ್ಮ ದೇಶದ ರಾಕೆಟ್ಟಿನ ನಡುವನ್ನು ಇಪ್ಪತ್ತಕ್ಕೆ ಒಂದು ಪಾಲು ಮಾಡಿದರೆ ನಮ್ಮೂರಿನ ಪೈಪಂಗಡಿಯ ದೊಡ್ಡ ನೀರಿನ ಪೈಪಿನ ನಡುವಿಗೆ ಸರಿಯಾಗಿ ಹೊಂದುತ್ತದೆ. ಇದನ್ನು ಕಂಡುಹಿಡಿದವನು ನಾನು. ಬಿಸಿಲಿಗೂ ಥಂಡಿಗೂ ಕಾಗದ ನಿಲ್ಲದು ಎಂದು ಈ ಸಲ ಶೀನನ ಅಂಗಡಿಯ ವಿನೈಲ್ ಹಾಳೆ ಹಾಕುವುದೆಂದು ತೀರ್ಮಾನವಾಯಿತು. ಗೆರೆಗಳು, ಧ್ವಜ ಎಲ್ಲ ಆ ಹಾಳೆಯ ಮೇಲೇ ಮುದ್ರಣ. ದೇಶದ ಹೆಸರಿನ ಅಕ್ಷರಗಳು ಮಾತ್ರ ಹೊಳಪಿರಲಿ ಎಂದು ಬೇರೆಯಾಗಿ ಕಪ್ಪು ವಿನೈಲಿನಲ್ಲಿ ಕತ್ತರಿಸಿದ್ದು.

ಅಧ್ಯಕ್ಷರು ನಕ್ಷೆ ನೋಡಿ ಒಂದು ಸಣ್ಣ ತಿದ್ದುಪಡಿ ಸೂಚಿಸಿದರು. "ಮಾಷ್ಟ್ರೆ, ಮೂತಿ ಮೇಲೆ ಸಾಹೇ‌ಬ್ರ್ ಫೋಟೊ ಒಂದ್ ಹಾಕುಕೆ ಆತ್ತಾ?"

"ಆತ್ತ್. ಆರೆ ಅಳ್ತಿ ತಪ್ಪುಕಾಗ ಅಲ್ದಾ. ಇಪ್ಪತ್ತಕ್ಕೊಂದ್ ಅಂದ್ರೆ ಸಾಹೇಬ್ರ್ ಮುಖ ನೆಲಗಡ್ಲೆಯಷ್ಟ್ ಬತ್ತ್" ಎಂದೆ.

ಅಧ್ಯಕ್ಷರು ನಕ್ಷೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಬೇಡ ಎಂದರು.

ವಿನೈಲ್ ಸುತ್ತುವುದು ಇಬ್ಬರ ಕೆಲಸ. ಪೈಪಿಗೆ ಸೋಪಿನ ನೀರು ಸಿಂಪಡಿಸಿ, ಒಬ್ಬ ಹಾಳೆಯ ಹಿಂಬದಿಯ ಕಾಗದವನ್ನು ಎಳೆಯುತ್ತ ಹೋಗಬೇಕು, ಇನ್ನೊಬ್ಬ ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿಕೊಂಡು ನಡುವಿನಿಂದ ಅಂಚಿಗೆ ಉಜ್ಜುತ್ತ ನೀರನ್ನೂ ಗಾಳಿಯನ್ನೂ ಹೊರಗೆ ತಳ್ಳಬೇಕು. ಗಾಳಿಯ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಬೇಕು. ನಾನೂ ಶೀನನೂ ಉಸಿರು ಬಿಗಿಹಿಡಿದು, ಒಬ್ಬರ ಕಾಲನ್ನೊಬ್ಬರು ತುಳಿಯುತ್ತ, ಆ ಪೈಪಿನ ಸುತ್ತ ತಿರುಗಿದೆವು. ಮೂತಿಯ ಹತ್ತಿರ ಹಾಳೆ ಸುಕ್ಕಾಗಿ ಹಟ ಮಾಡಿತು. ಶೀನ ಬಿಸಿಗಾಳಿ ಊದಿ ಅದನ್ನು ಮೆತ್ತಗೆ ಮಾಡಿ ಎಳೆದು ಕೂರಿಸಿದ. ಹಾಳೆಯ ಜೋಡು ಪಕ್ಕೆಯ ಪಟ್ಟಿಯ ಅಡಿಗೆ ಕರಾರುವಾಕ್ಕಾಗಿ ಹೋಗಿ ಕೂತಾಗ ನಾನು ಶೀನನನ್ನು ಅಪ್ಪಿಕೊಂಡೆ. ಅವನ ಅಂಗಿಗೆಲ್ಲ ಸೋಪಾಯಿತು.

ಕೊನೆಗೆ ಅಕ್ಷರಗಳು. ಕತ್ತರಿಸಿದ ಅಕ್ಷರಗಳು ಚೆದುರದಂತೆ ಅವುಗಳ ಮೇಲೆ ಒಂದು ಉದ್ದನೆಯ ಪಾರದರ್ಶಕ ಅಂಟುಹಾಳೆ ಇರುತ್ತದೆ. ಮತ್ತೆ ಸೋಪಿನ ನೀರು ಸಿಂಪಡಿಸಿ, ಆ ಹಾಳೆ ಸಮೇತ ಅಕ್ಷರಗಳನ್ನು ರಾಕೆಟ್ಟಿನ ಮೈಗೆ ಒತ್ತಿ, ಚೆನ್ನಾಗಿ ಉಜ್ಜಿ, ಆಮೇಲೆ ಮೇಲಿನ ಹಾಳೆಯನ್ನು ಎಳೆದು ತೆಗೆಯಬೇಕು. ಒತ್ತಿದೆವು, ಉಜ್ಜಿದೆವು. ತೆಗೆಯಲು ಹೋದ ಶೀನನ ಕೈಯನ್ನು ನಾನು ತಡೆದೆ. ಉದ್ಘಾಟನೆಯವರೆಗೆ ಅದು ಹಾಗೇ ಇರಲಿ, ಅಕ್ಷರಗಳ ಹೊಳಪು ಮಾಸುವುದಿಲ್ಲ ಎಂದೆ.

"ಬೋಟಿಂದ್ ಆರೆ ಆಗ್ಳೇ ಎಳ್ದ್ ಬಿಸಾಕ್ತೆ" ಎಂದ ಶೀನ. ಮತ್ತೆ ರಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿ, "ಇದ್ ಕಡ್ಲಿಗೆ ಹೋಪುದಲ್ಲ ಅಲ್ದಾ ಮಾಷ್ಟ್ರೆ. ಇರ್ಲಿ ಬಿಡಿ, ಹೊಸತ್ ಕಾಂತ್" ಎಂದ.

ಶೀನನೂ ನಮ್ಮೂರಿನವನೇ ಎಂಬುದನ್ನು ನೀವು ಮರೆಯಬಾರದು. ಅವನ ಸ್ಕೂಟರಿನ ಸೀಟಿನ ಮೇಲೆ ಕಂಪನಿಯ ಪ್ಲಾಸ್ಟಿಕ್ ಇನ್ನೂ ಇದೆ, ಮಳೆಯಲ್ಲಿ ಅವನು ಬ್ರೇಕು ಹಾಕಿದಾಗಲೆಲ್ಲ ಮುಂದಕ್ಕೆ ಜಾರುತ್ತಾನೆ.

ರಾಕೆಟ್ಟನ್ನು ಗ್ರಂಥಾಲಯದ ಗಾಜಿನ ಗೋಡೆಯ ಹತ್ತಿರ ನಿಲ್ಲಿಸಿದೆವು. ವಾರಿಜ ಸುತ್ತ ಒಂದು ಸಲ ಬಂದು ನೋಡಿದಳು. "ಹ್ವಾಯ್, ಅಕ್ಷರದ ಮೇಲಿನ ತೊಟ್ಟೆ ತೆಗೀನಿ. ಮಸ್ಕ್ ಮಸ್ಕ್ ಕಾಂತ್" ಎಂದಳು.

"ಇರ್ಲಿ ಮಾರಾಯ್ತಿ, ಧೂಳ್ ಕೂಕಂತ್. ಉದ್ಘಾಟನೆ ದಿನ ತೆಗೆವ."

ಉದ್ಘಾಟನೆಯ ದಿನ ಶಿವರಾತ್ರಿ ಕಳೆದ ಮೇಲೆ ಎಂದಿತ್ತು. ದೊಡ್ಡವರಿಗೆ ನೆಗಡಿಯಾಗಿ ಯುಗಾದಿಗೆ ಹೋಯಿತು. ಯುಗಾದಿಗೆ ಅವರಿಗೆ ಇನ್ನೆಲ್ಲೋ ಇದಕ್ಕಿಂತ ದೊಡ್ಡ ಕಟ್ಟಡ ಸಿಕ್ಕಿತು. ಶಾಲೆಗಳಿಗೆ ರಜೆ ಬಂತು. ಮಕ್ಕಳು ಬಂದು ಗಾಜಿಗೆ ಮೂಗೊತ್ತಿ ರಾಕೆಟ್ಟನ್ನೂ ಪುಸ್ತಕದ ಪೆಟ್ಟಿಗೆಗಳನ್ನೂ ನೋಡಿ ಹೋಗುತ್ತಿದ್ದರು. ಗಾಜಿನ ಮೇಲೆ ಅವರ ಮೂಗಿನ ಗುರುತುಗಳನ್ನು ಒರೆಸುವುದೇ ವಾರಿಜಳಿಗೆ ಕೆಲಸವಾಯಿತು. ಕುರ್ಚಿಗಳು ತೊಟ್ಟೆಯೊಳಗೆ, ಪುಸ್ತಕಗಳು ಪೆಟ್ಟಿಗೆಯೊಳಗೆ, ಫ್ಯಾನಿನ ರೆಕ್ಕೆಗಳು ಕಾಗದದೊಳಗೆ ಇದ್ದವು. ವಾರಿಜ ರಸ್ತೆಯಾಚೆಯ ಹಳೆಯ ಕೋಣೆಯಲ್ಲಿ ಕೂತು ಇವನ್ನೆಲ್ಲ ಕಾಯುತ್ತಿದ್ದಳು. ಮೇ ತಿಂಗಳು ಹತ್ತಿರ ಬಂದಂತೆ ಅವಳ ಮಾತು ಕಡಿಮೆಯಾಯಿತು. ಒಂದು ದಿನ ಊಟಕ್ಕೆ ಬಡಿಸುತ್ತ, "ನಾನ್ ಇಪ್ಪಲ್ಲಿ ವರೆಗೆ ಆ ಬಾಗ್ಲ್ ತೆಗಿತ್ತಿಲ್ಲೆ ಕಾಣಿ" ಎಂದಳು. ಸಮಾಧಾನ ಹೇಳಲು ನನ್ನ ಬಾಯಿಗೆ ಬಂದದ್ದು, ಬಿಸಿಲಿಗೆ ರಾಕೆಟ್ಟಿನ ಬಣ್ಣ ಒಂದಿಷ್ಟೂ ಮಾಸಿಲ್ಲ ಎಂಬ ಮಾತು.

ಅಂತೂ ದಿನ ಸಿಕ್ಕಿತು. ವಾರಿಜಳ ನಿವೃತ್ತಿಗೆ ಇನ್ನೊಂದೇ ದಿನ ಇರುವಾಗ. ಆಗ ನನ್ನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಜೀವಮಾನದಲ್ಲಿ ಹೊಳೆದ ಒಳ್ಳೆಯ ಯೋಚನೆ ಅದೊಂದೇ ಎಂದು ಆಗ ಅನ್ನಿಸಿತ್ತು. ರಿಬ್ಬನ್ ಕತ್ತರಿಸುವುದು ಹಳೆಯದಾಯಿತು. ಅದರ ಬದಲು ದೊಡ್ಡವರು ರಾಕೆಟ್ಟಿನ ಮೇಲಿನ ಹಾಳೆಯನ್ನು ಎಳೆದು ತೆಗೆಯಲಿ. ಹೊಳೆಯುವ ಅಕ್ಷರಗಳು ಜನರ ಕಣ್ಣೆದುರು ಬೆಳಗಲಿ. ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. "ಇದ್ ಬೈಂದೂರ್ ಬದಿಯಗೂ ಯಾರೂ ಮಾಡಿಲ್ಲೆ ಮಾಷ್ಟ್ರೆ" ಎಂದರು.

ಸಭೆಗೆ ಊರೆಲ್ಲ ಬಂದಿತ್ತು. ಬಾಗಿಲಿನ ಹೊರಗೆ ಶಾಮಿಯಾನ, ಬಾಡಿಗೆ ಕುರ್ಚಿಗಳು. ಒಳಗಿನ ಹೊಸ ಕುರ್ಚಿಗಳನ್ನು ಆ ದಿನವೂ ಯಾರೂ ಮುಟ್ಟಲಿಲ್ಲ. ರಾಕೆಟ್ಟನ್ನು ಹೊರಗೆ ತಂದು ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ದೊಡ್ಡವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ವಿಜ್ಞಾನದ ಬಗ್ಗೆ ಹಿತವಾಗಿ ಮಾತಾಡಿ, ನಗುತ್ತ ಹಾಳೆಯ ತುದಿಯನ್ನು ಹಿಡಿದು ಎಳೆದರು.

ಹಾಳೆ ಬರಲಿಲ್ಲ. ಮೂರು ತಿಂಗಳ ಬಿಸಿಲಿಗೆ ಅದರ ಅಂಟು ಪಾಕವಾಗಿ ಅಕ್ಷರಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಸೋಪಿನ ನೀರಿನ ಮೇಲೆ ಕೂತ ಅಕ್ಷರಗಳ ಹಿಂಬದಿಯ ಅಂಟಿಗೆ ಅಷ್ಟು ಶಕ್ತಿ ಇರಲಿಲ್ಲ. ದೊಡ್ಡವರು ಒಂದು ಕಾಲು ಹಿಂದಿಟ್ಟು ಜೋರಾಗಿ ಎಳೆದರು. ಚರ್ರೆಂದು ಹಾಳೆ ಕಿತ್ತು ಬಂತು. ಅದರ ಜೊತೆಗೆ ದೇಶದ ಹೆಸರೂ ಪೂರ್ತಿ ಕಿತ್ತು ಬಂತು. ಜನ ಇದೇ ಕಾರ್ಯಕ್ರಮ ಎಂದು ತಿಳಿದು ಚಪ್ಪಾಳೆ ತಟ್ಟಿದರು. ದೊಡ್ಡವರು ಕೈ ಕೊಡವಿದರು. ಅಕ್ಷರಗಳು ಅವರ ತೋಳಿಗೆ ಅಂಟಿದವು. ಬಿಡಿಸಲು ಬಂದ ಅಧ್ಯಕ್ಷರ ಅಂಗೈಗೆ ಅರ್ಧ, ಹೊದಿಸಿದ ಶಾಲಿಗೆ ಅರ್ಧ ಅಂಟಿದವು. ಫೋಟೊದವರು ಬಿಡದೆ ಫೋಟೊ ತೆಗೆದರು. ಧ್ವಜ ಮಾತ್ರ ಮುದ್ರಣದಲ್ಲೇ ಇದ್ದುದರಿಂದ ರಾಕೆಟ್ಟಿನ ಮೇಲೆ ಉಳಿಯಿತು. ಅದೂ ಬಂದಿದ್ದರೆ ನಾನು ಈ ಪ್ರಬಂಧವನ್ನು ಬೇರೆ ವಿಳಾಸದಿಂದ ಬರೆಯಬೇಕಾಗುತ್ತಿತ್ತು.

ಶೀನ ಆ ಹೊತ್ತಿಗೆ ಶಾಮಿಯಾನದ ಹಿಂದಿನಿಂದ ಸ್ಕೂಟರು ಹತ್ತಿ ಹೋಗಿದ್ದ. ದೊಡ್ಡವರು ಊಟಕ್ಕೂ ನಿಲ್ಲದೆ ಕಾರು ಹತ್ತಿದರು. ಹಣ್ಣಿನ ಬುಟ್ಟಿಯನ್ನು ಮಾತ್ರ ಮರೆಯದೆ ಕೊಂಡುಹೋದರು.

ಅಧ್ಯಕ್ಷರು ನನ್ನ ಮುಖ ನೋಡಲಿಲ್ಲ. ನೇರವಾಗಿ ವಾರಿಜಳ ಹತ್ತಿರ ಹೋದರು. "ವಾರಿಜಕ್ಕ, ಬೀಗ ಹಾಕಿನಿ. ಇದ್ ಉದ್ಘಾಟನೆ ಆದ್ ಲೆಕ್ಕ ಅಲ್ಲ. ಸಾಹೇಬ್ರ್ ಮತ್ತ್ ಬಪ್ಪಲ್ಲಿ ವರೆಗೆ ಯಾರೂ ಒಳ್ಗ್ ಹೋಪುಕಾಗ" ಎಂದರು.

"ಮತ್ತ್ ಬಪ್ದ್ ಯಾವಾಗ?"

"ಆಸಾಡಿ ಕಳ್ದ್ ಮೇಲ್ ಕಾಂಬ."

ವಾರಿಜ ರಾಕೆಟ್ಟನ್ನು ಒಳಗೆ ಇಡಿಸಿ ಬೀಗ ಹಾಕಿದಳು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವಳ ಹಿಂದೆ ನಡೆದೆ. ಇಡೀ ಊರಿನೆದುರು ನನ್ನ ಮಾನ ಹೋಗಿತ್ತು, ಅದು ಹಾಗಿರಲಿ. ನನ್ನ ಒಂದು ತುಂಡು ಹಾಳೆಯಿಂದ ಅವಳು ಅಷ್ಟು ವರ್ಷ ಕಾದದ್ದು ಕೈತಪ್ಪಿತಲ್ಲ. ಮನೆಗೆ ಬಂದು ಕೂತ ಮೇಲೆ, "ಎರ್ಡೇ ದಿನ. ಶೀನನತ್ರ ಹೊಸ ಅಕ್ಷರ ಕತ್ತರ್ಸಿ ತತ್ತೆ. ನಾನೇ ಸಾಹೇಬ್ರ ಕಾಲ್ ಹಿಡಿತೆ" ಎಂದೆ.

"ನಂಗೆ ಎರ್ಡ್ ದಿನ ಇಲ್ಲೆ" ಎಂದಳು ವಾರಿಜ. "ನಾಳೆ ಸಂಜಿಗೆ ಮುಗಿತ್."

ಬೆಳಿಗ್ಗೆ ಅವಳು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ನನ್ನ ಕೆಲಸದ ಮೇಜಿನ ಮುಂದೆ ಬಂದು ನಿಂತಳು. "ನಿಮ್ಮ ಆ ಕಟ್ಟರ್ ಎಲ್ಲಿತ್ತ್?" ಎಂದು ಕೇಳಿದಳು. ವಿನೈಲ್ ಕತ್ತರಿಸುವ ಸಣ್ಣ ಚೂರಿ ಅದು. ಕೊಟ್ಟೆ. "ನೀವೂ ಬನ್ನಿ" ಎಂದಳು.

ಗ್ರಂಥಾಲಯದ ಬೀಗ ತೆಗೆದು ಬಾಗಿಲು ಎರಡೂ ಕಡೆಗೆ ಸರಿಸಿ, ಮೊದಲ ಕುರ್ಚಿಯ ಮುಂದೆ ನನ್ನನ್ನು ನಿಲ್ಲಿಸಿ, ಚೂರಿಯನ್ನು ನನ್ನ ಕೈಗೇ ಕೊಟ್ಟಳು. "ತಕಣಿ. ಸುರು ಮಾಡಿ."

ಹೇಳಿದರೆ ನೀವು ನಂಬಲಿಕ್ಕಿಲ್ಲ, ನಾನು ಮೊದಲು ಆ ಹೊದಿಕೆಯನ್ನು ಅಂಗೈಯಿಂದ ಸವರಿದೆ. ಅಷ್ಟು ಬಿಗಿಯಾಗಿ, ಒಂದು ಸುಕ್ಕೂ ಇಲ್ಲದೆ ಹೊದಿಸಿದ ಪ್ಲಾಸ್ಟಿಕ್ಕು. ಅಮ್ಮ ಎಲ್ಲಿಂದಲೋ ನೋಡುತ್ತಿದ್ದಾಳೆ ಅನ್ನಿಸಿತು. ಕಣ್ಣು ಮುಚ್ಚಿ ಗೆರೆ ಎಳೆದೆ. ವಾರಿಜ ಎರಡೂ ಕೈಯಿಂದ ಸೀಳಿ ತೆಗೆದು ಮೂಲೆಗೆಸೆದಳು. ಎರಡನೆಯದು ಸ್ವಲ್ಪ ಸುಲಭವಾಯಿತು. ಆಮೇಲೆ ನನಗೆ ಹುಚ್ಚೇ ಹಿಡಿಯಿತು; ಕುರ್ಚಿ ಮುಗಿಸಿ, ಮೇಜು ಮುಗಿಸಿ, ಫ್ಯಾನಿನ ರೆಕ್ಕೆಯ ಕಾಗದ ಹರಿಯಲು ಏಣಿ ಹತ್ತಿದೆ. ಏಣಿಯ ಮೇಲಿನಿಂದ ನೋಡುತ್ತೇನೆ, ಮಕ್ಕಳು ಆಗಲೇ ಪೆಟ್ಟಿಗೆಗಳನ್ನು ಒಡೆದು ಪುಸ್ತಕ ಹಂಚಿಕೊಳ್ಳುತ್ತಿದ್ದರು. ಮೀನುಗಾರಿಕೆಯ ರಜೆ ಹತ್ತಿರ ಬಂದು ಬೋಟುಗಳು ಮೇಲೇರುತ್ತಿದ್ದ ಕಾಲ ಅದು. ಹೊಟ್ಟೆಪಾಡಿಗೆ ಬಿಡುವು ಸಿಕ್ಕ ನಾಲ್ಕಾರು ಜನ ಬಂದು ಪೇಪರು ಹಿಡಿದು ಕೂತರು. ಹಸಿಮೀನಿನ ಬುಟ್ಟಿ ಹೊರಗಿಟ್ಟು ಬಂದ ಇಬ್ಬರು ಹೆಂಗಸರು, ಕೂರಬಹುದೋ ಎಂದು ಕೈಯಿಂದ ಮೆತ್ತೆ ಮುಟ್ಟಿ ನೋಡಿ, ಆಮೇಲೆ ಕೂತರು. ಒಬ್ಬ ಮುದುಕ ತನ್ನ ಹೆಗಲ ಮೇಲಿನ ಬೈರಾಸನ್ನು ನನ್ನ ಬೋಳು ರಾಕೆಟ್ಟಿನ ಮರಿಕೊಳವೆಗೆ ನೇತುಹಾಕಿ ಕನ್ನಡಕ ಒರೆಸಿಕೊಂಡ. ನಾನು ಮುಂದಿನ ರೆಕ್ಕೆಯ ಕಾಗದ ಹರಿದೆ.

ಸುದ್ದಿ ತಿಳಿದು ಅಧ್ಯಕ್ಷರು ಓಡಿಬಂದರು. "ವಾರಿಜಕ್ಕ, ಎಂತ ಮಾಡ್ತಾ ಇದ್ರಿ ನೀವ್? ಕುರ್ಚಿ ಎಲ್ಲಾ ಹಾಳಾತ್ತ್!"

"ಹಾಳಾಯ್ಲಿ. ಕೂಕಂಡೇ ಹಾಳಾಯ್ಲಿ" ಎಂದಳು ವಾರಿಜ. ಅವಳು ಆ ದಿನದವರೆಗೆ ಪಂಚಾಯತಿಯವರ ಎದುರು ದನಿ ಎತ್ತಿದವಳಲ್ಲ. "ಇವತ್ತ್ ಸಂಜಿ ವರೆಗೆ ಈ ಬೀಗ ನಂದ್. ಸಂಜಿಗೆ ನಿಮ್ ಕೈಯಗೇ ಕೊಡ್ತೆ. ಆಗ ಹಾಕಣಿ."

ಅಧ್ಯಕ್ಷರು ಸುತ್ತ ನೋಡಿದರು. ಕೂತವರಲ್ಲಿ ಅವರ ಮತದಾರರೂ ಇದ್ದರು, ಅವರ ಮೊಮ್ಮಗಳೂ ಇದ್ದಳು. ಸಂಜೆ ಬರುತ್ತೇನೆ ಎಂದು ಹೋದರು.

ವಾರಿಜ ಆ ದಿನ ಮಧ್ಯಾಹ್ನ ಊಟಕ್ಕೂ ಮನೆಗೆ ಬರಲಿಲ್ಲ. ಕಿಟಕಿಯ ಹತ್ತಿರದ ಒಂದು ಕುರ್ಚಿಯಲ್ಲಿ ಕೂತು, ಪುಸ್ತಕ ಹಿಡಿದುಕೊಂಡು, ಓದದೆ, ಓದುವವರನ್ನೇ ನೋಡುತ್ತಿದ್ದಳು. ಸಂಜೆ ಅಧ್ಯಕ್ಷರು ಬಂದಾಗ ಎದ್ದು, ಸೆರಗು ಸರಿಮಾಡಿಕೊಂಡು, ಬೀಗವನ್ನೂ ಬೀಗದ ಕೈಯನ್ನೂ ಅವರ ಕೈಗೆ ಕೊಟ್ಟು ನಮಸ್ಕಾರ ಮಾಡಿದಳು. ನಾವಿಬ್ಬರೂ ಮೆಟ್ಟಿಲಿಳಿದು ಬಂದೆವು. ರಸ್ತೆಗೆ ಬಂದ ಮೇಲೆ ನಾನು ತಿರುಗಿ ನೋಡಿದೆ. ಅಧ್ಯಕ್ಷರು ಬೀಗ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕೂತವರು ಯಾರೂ ಏಳುವ ಹಾಗೆ ಕಾಣಲಿಲ್ಲ.